ಎ ಗ್ರೇಡಿನ ಸ್ಟಿಕ್ಕರ್

"ಇದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದು ಯಾರು?"

ವೃಷಭೇಂದ್ರಪ್ಪನವರು ಅಂಗೈಯಗಲದ ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು. ಕಾರ್ಡಿನ ಮೇಲೆ ಒಂದು ಕಪ್ಪು ಚೌಕ, ಒಂದು ಬಿಳಿ ಚೌಕ, ಪಕ್ಕದಲ್ಲಿ ಬಾರ್‌ಕೋಡಿನ ಗೆರೆಗಳು. ಅದರ ಮೇಲೆಲ್ಲ ಹೊಳೆಯುವ ಪ್ಲಾಸ್ಟಿಕ್ ಹಾಳೆ.

ನಾವೆಲ್ಲ ನರ್ಸಿಂಗ್ ಹೋಮಿನ ಔಷಧಿ ಸ್ಟೋರ್ ರೂಮಿನಲ್ಲಿ ಸೇರಿದ್ದೆವು. ಇನ್ಸ್‌ಪೆಕ್ಟರ್ ಶಿವಕುಮಾರ್ ಕೈಗಡಿಯಾರ ನೋಡಿಕೊಂಡರು. ನರ್ಸಿಂಗ್ ಹೋಮಿನ ಮಾಲೀಕ ಡಾಕ್ಟರ್ ನಾಗಾರ್ಜುನ ಔಷಧಿಯ ಕಪಾಟಿಗೆ ಒರಗಿ ನಿಂತಿದ್ದರು. ಪ್ಲಾಸ್ಟಿಕ್ ಹಾಕಿಸುವುದರಲ್ಲಿ ಏನು ಮಹಾ ಪ್ರಮಾದವಾಯಿತು ಎಂದು ನನಗೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ನನ್ನ ಎಲ್‌ಎಲ್‌ಬಿ ಮಾರ್ಕ್ಸ್ ಕಾರ್ಡಿನವರೆಗೆ ಎಲ್ಲಕ್ಕೂ ಲ್ಯಾಮಿನೇಷನ್ ಆಗಿದೆ.

"ನಾನೇ ಸಾರ್," ಎಂದಳು ಸ್ಟೋರಿನಲ್ಲಿ ಬಾಟಲಿಗಳಿಗೆ ಸ್ಟಿಕ್ಕರ್ ಅಂಟಿಸುವ ಧರಣಿ. ಮಹಿಳಾ ಕಾನ್‌ಸ್ಟೇಬಲ್ ಅವಳ ತೋಳು ಹಿಡಿದು ನಿಂತಿದ್ದಳು. "ಫಾರಿನ್ನಿಂದ ಬಂದಿರೋ ಕಾರ್ಡು, ಹಾಳಾದ್ರೆ ಇನ್ನೊಂದು ಸಿಗಲ್ಲ ಅಂತ ಡಾಕ್ಟ್ರು ಹೇಳಿದ್ರು. ಅದಕ್ಕೇ ಅಗ್ರಹಾರದ ಜೆರಾಕ್ಸ್ ಅಂಗ್ಡೀಲಿ ಹಾಕ್ಸ್ಕೊಂಡ್ ಬಂದೆ."

ವೃಷಭೇಂದ್ರಪ್ಪನವರ ಮುಖದಲ್ಲಿ ನಗು ಮೂಡಿತು. ನನಗೆ ಮೈಯೆಲ್ಲ ಉರಿಯಿತು. ನಾಳೆ ಬೆಳಿಗ್ಗೆ ಈ ಹುಡುಗಿಯ ಪೊಲೀಸ್ ಕಸ್ಟಡಿ ಮುಗಿಯುತ್ತದೆ, ಶಿವಕುಮಾರ್ ಅವಳನ್ನು ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ಸಾವಿಗೆ ಕಾರಣ ಅಚಾತುರ್ಯ ಎಂದು ಬರೆದರೆ ಜಾಮೀನು, ಕೊಲೆ ಎಂದು ಬರೆದರೆ ಜೈಲು. ಅವಳ ವಕೀಲೆಯಾದ ನಾನು ಎರಡು ರಾತ್ರಿ ಕಣ್ಣು ಮುಚ್ಚಿಲ್ಲ. ಇವರು ನೋಡಿದರೆ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ನಗುತ್ತಾರೆ.

"ಗಿರಿಜಾಂಬಾ, ನಿಮ್ಮ ಹುಡುಗಿ ಬಚಾವಾದ್ಲು," ಎಂದರು.

ಇವರು ನಲವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಸವೆದವರು. ದೇವರಾಜ ಮಾರ್ಕೆಟ್ಟಿನಲ್ಲಿ ಇವರ ಸ್ಕೂಟರಿನ ಸದ್ದು ಕೇಳಿದರೆ ತಕ್ಕಡಿಗಳು ತಾವಾಗೇ ಸರಿಯಾಗುತ್ತಿದ್ದವಂತೆ, ಹಾಗೆಂದು ಇವರೇ ಹೇಳಿಕೊಳ್ಳುತ್ತಾರೆ. ನಿವೃತ್ತರಾದ ಮೇಲೆ ಬನ್ನಿಮಂಟಪದ ಮನೆಯ ಮುಂದೆ 'ಖಾಸಗಿ ವಿಚಾರಣೆ' ಎಂದು ಬೋರ್ಡು ಹಾಕಿಕೊಂಡಿದ್ದಾರೆ. ಮನುಷ್ಯರ ಮಾತನ್ನು ನಂಬುವ ಮುಂಚೆ ಅಳತೆಗೋಲನ್ನು ಅನುಮಾನಿಸುವುದು ಇವರ ಹುಟ್ಟುಗುಣ.

ಈ ಕೇಸಿನಲ್ಲಿ ಅನುಮಾನಿಸಲು ಬೇಕಾದಷ್ಟಿತ್ತು. ಮೂರನೇ ವಾರ್ಡಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರ್ ಶಿವಲಿಂಗಯ್ಯ ಒಂದು ಇಂಜೆಕ್ಷನ್ನಿನಿಂದ ಸತ್ತರು. ಕೊಡಬೇಕಾಗಿದ್ದುದು ಬರೀ ಉಪ್ಪುನೀರು. ರಕ್ತಕ್ಕೆ ಹೋದದ್ದು ನೀರು ಬೆರೆಸದೆ ಕೊಟ್ಟರೆ ಎದೆಬಡಿತ ನಿಲ್ಲಿಸುವ ಪೊಟ್ಯಾಸಿಯಂ. ಎರಡರ ಬಾಟಲಿಯೂ ಒಂದೇ ಗಾತ್ರ, ಒಂದೇ ಬಣ್ಣ. ಕಂಪನಿಯ ಹೆಸರಿನ ಮೇಲೆಯೇ ನರ್ಸಿಂಗ್ ಹೋಮಿನ ಬಾರ್‌ಕೋಡ್ ಸ್ಟಿಕ್ಕರ್ ಸುತ್ತುವುದು ಇಲ್ಲಿನ ಪದ್ಧತಿ. ನರ್ಸ್ ಆ ಸ್ಟಿಕ್ಕರಿಗೆ ಸ್ಕ್ಯಾನರ್ ಹಿಡಿದಳು, ಕಂಪ್ಯೂಟರಿನಲ್ಲಿ ಉಪ್ಪುನೀರು ಎಂದು ಬಂತು, ಹಸಿರು ದೀಪ ಹತ್ತಿತು, ಅವಳು ಚುಚ್ಚಿದಳು.

ಸ್ಟಿಕ್ಕರಿನ ಗೆರೆಗಳ ಕೆಳಗೆ ಅಚ್ಚಾಗಿದ್ದ ಅಂಕಿ ಮಾತ್ರ ಪೊಟ್ಯಾಸಿಯಂನದ್ದೇ ಆಗಿತ್ತು.

ಹಾಗಾದರೆ ಸ್ಕ್ಯಾನರ್ ಗೆರೆಗಳನ್ನು ತಪ್ಪಾಗಿ ಓದಿದೆ ಎಂದು ನಾನು ವಾದಿಸಿದ್ದೆ. ಗೆರೆ ಮಾಸಿದ್ದರೆ, ಮಧ್ಯೆ ಹರಿದಂತಿದ್ದರೆ ಒಂದು ಅಂಕಿ ಇನ್ನೊಂದಾಗಬಹುದು. ಅಂಥ ತಪ್ಪು ಹಿಡಿಯಲೆಂದೇ ಬಾರ್‌ಕೋಡಿನ ಕೊನೆಗೆ ಒಂದು ಹೆಚ್ಚುವರಿ ಅಂಕಿ ಸೇರಿಸುತ್ತಾರಂತೆ. ಸ್ಟಿಕ್ಕರ್ ಚಿಕ್ಕದಾಗಲಿ ಎಂದು ಡಾಕ್ಟರು ಅದನ್ನು ತೆಗೆಸಿಬಿಟ್ಟಿದ್ದರು. ಆದರೆ ನನ್ನ ವಾದಕ್ಕೆ ಕಲ್ಲು ಹಾಕಿದವಳು ಧರಣಿಯೇ. ಪ್ರತಿಯೊಂದು ಸ್ಟಿಕ್ಕರನ್ನೂ ಗೆರೆ ಎಷ್ಟು ಸ್ವಚ್ಛವಾಗಿದೆ ಎಂದು ಎ ಇಂದ ಎಫ್‌ವರೆಗೆ ಗ್ರೇಡ್ ಕೊಡುವ ವೆರಿಫೈಯರ್ ಎಂಬ ಪುಟ್ಟ ಮಷಿನ್ನಿನ ಕೆಳಗಿಟ್ಟು ಪರೀಕ್ಷೆ ಮಾಡಿದ್ದೇನೆ, ಪ್ರತಿಯೊಂದಕ್ಕೂ ಎ ಗ್ರೇಡ್ ಬಂದಿತ್ತು, ಮಾಸಿದ್ದನ್ನು ನಾನು ಅಂಟಿಸುವವಳೇ ಅಲ್ಲ ಎಂದು ಅವಳು ಪೊಲೀಸರ ಮುಂದೆ ಆಣೆ ಇಟ್ಟಿದ್ದಳು.

ಎ ಗ್ರೇಡ್ ಬಂದಿದ್ದರೆ ತಪ್ಪು ಓದುವ ಮಾತೇ ಇಲ್ಲ. ಬೇಕೆಂದೇ ಮಾಡಿದ್ದು ಎಂದರು ಶಿವಕುಮಾರ್. ಕಾರಣವೂ ಅವರಿಗೆ ಸಿಕ್ಕಿತ್ತು. ಸಾಯುವ ಒಂದು ವಾರ ಮುಂಚೆ ಶಿವಲಿಂಗಯ್ಯ ತಮ್ಮ ಉಂಗುರ ಕಳುವಾಯಿತೆಂದು ಧರಣಿಯನ್ನು ಇಡೀ ವಾರ್ಡಿನ ಎದುರು ಕಳ್ಳಿ ಎಂದು ಬೈದು, ಅವಳ ಬ್ಯಾಗು ಸುರಿಸಿ ನೋಡಿಸಿದ್ದರು. ಉಂಗುರ ಅವರ ದಿಂಬಿನ ಚೀಲದಲ್ಲೇ ಸಿಕ್ಕಿತು. ಕ್ಷಮೆ ಕೇಳುವ ಸೌಜನ್ಯ ಆ ಹೆಡ್‌ಮಾಸ್ಟರಿಗೆ ಇರಲಿಲ್ಲ, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ.

"ಯಜಮಾನ್ರೇ, ಪ್ಲಾಸ್ಟಿಕ್ಕಿಗೂ ಕೊಲೆಗೂ ಏನು ಸಂಬಂಧ?" ಶಿವಕುಮಾರ್ ತಾಳ್ಮೆಯಿಂದಲೇ ಕೇಳಿದರು. ಕೆಟ್ಟ ಮನುಷ್ಯನಲ್ಲ. ಮರುಪರೀಕ್ಷೆಗೆ ಒಪ್ಪಿ ಧರಣಿಯನ್ನು ಇಲ್ಲಿಗೆ ಕರೆತಂದವರೂ ಅವರೇ.

ವೃಷಭೇಂದ್ರಪ್ಪನವರು ಮೇಜಿನ ಮೇಲಿದ್ದ ವೆರಿಫೈಯರನ್ನು ಎತ್ತಿಕೊಂಡರು. ಆಯುಧಪೂಜೆಯ ಕುಂಕುಮ ಅದರ ತಲೆಯ ಮೇಲೆ ಇನ್ನೂ ಇತ್ತು. ಈ ಮಷಿನ್ನಿಗೆ ಕಪ್ಪು ಎಂದರೇನು, ಬಿಳಿ ಎಂದರೇನು ಎಂದು ಹುಟ್ಟಿನಿಂದ ಗೊತ್ತಿರುವುದಿಲ್ಲ ಎಂದು ಅವರು ಶುರು ಮಾಡಿದರು. ಆಗಾಗ ಈ ಕಾರ್ಡಿನ ಮೇಲಿಟ್ಟು ಕಲಿಸಬೇಕು. ಅದಕ್ಕೇ ಕ್ಯಾಲಿಬ್ರೇಷನ್ ಎನ್ನುವುದು. ಕಾರ್ಡು ಶುದ್ಧವಾಗಿದ್ದರೆ ಮಷಿನ್ನಿನ ತೀರ್ಪೂ ಶುದ್ಧ.

"ಕೆ.ಜಿ. ತೂಕದ ಬಟ್ಟು ಸವೆದು ಎಂಟ್ನೂರು ಗ್ರಾಂ ಆಗಿದೆ ಅಂತಿಟ್ಕೊಳ್ಳಿ. ಅಂಗಡಿಯವನಿಗೆ ಗೊತ್ತಿಲ್ಲ. ಅವನ ತಕ್ಕಡೀಲಿ ಎಂಟ್ನೂರು ಗ್ರಾಂ ಬೇಳೆ ಕೆ.ಜಿ. ಅಂತ್ಲೇ ಪಾಸಾಗುತ್ತೆ. ಮೋಸ ಯಾರ್ದು ಹೇಳಿ? ಈ ಪ್ಲಾಸ್ಟಿಕ್ ಒಳಗಿರೋ ಬಿಳಿ ಪೂರ್ತಿ ಬಿಳಿ ಅಲ್ಲ, ಕಪ್ಪು ಪೂರ್ತಿ ಕಪ್ಪಲ್ಲ, ಎರಡೂ ಮಂಕು. ಆ ಮಂಕನ್ನೇ ಇದು ಸರಿ ಅಂತ ಕಲ್ತಿದೆ. ಇನ್ನು ಎಷ್ಟೇ ಮಾಸಿದ ಗೆರೆ ಕೊಡಿ, ಎ ಅಂತ್ಲೇ ಹೇಳುತ್ತೆ."

 ಒಳ್ಳೆಯದೆಂದು ಮಾಡಿದ ಕೆಲಸ ಒಬ್ಬ ಮನುಷ್ಯನನ್ನು ಕೊಂದಿರಬಹುದು ಎಂಬುದು ಧರಣಿಗೆ ಆಗ ಹೊಳೆದಿರಬೇಕು. ಅವಳು ಕಾನ್‌ಸ್ಟೇಬಲ್ ಕೈಯನ್ನೇ ಆಸರೆಗೆ ಹಿಡಿದುಕೊಂಡಳು.

ಡಾಕ್ಟರ್ ನಾಗಾರ್ಜುನ ಸುಮ್ಮನಿರಲಾರದೆ ಬಾಯಿ ಹಾಕಿದರು. ಇದು ಜರ್ಮನಿಯ ಮಷಿನ್, ಮೈಸೂರಿನ ಇನ್ನ್ಯಾವ ನರ್ಸಿಂಗ್ ಹೋಮಿನಲ್ಲೂ ಇಲ್ಲ, ಒಂದು ದಿನವೂ ಕೆಟ್ಟು ನಿಂತಿಲ್ಲ ಎಂದರು. ಇವರು ಹೀಗೆ ಹೇಳಿದ್ದು ಇದೇ ಮೊದಲೇನಲ್ಲ. ಹೋದ ವರ್ಷ ಈ ಕಂಪ್ಯೂಟರ್ ವ್ಯವಸ್ಥೆಯ ಉದ್ಘಾಟನೆಗೆ ಊರಿನ ಅರ್ಧ ಡಾಕ್ಟರುಗಳನ್ನು ಕರೆದು ಊಟ ಹಾಕಿಸಿದ್ದರು.

"ಕೆಟ್ಟು ನಿಂತಿದ್ರೆ ಒಳ್ಳೇದಾಗ್ತಿತ್ತು ಡಾಕ್ಟ್ರೇ," ವೃಷಭೇಂದ್ರಪ್ಪನವರ ದನಿ ಮೊದಲ ಸಲ ಏರಿತು. "ನಿಂತ ಗಡಿಯಾರ ನೋಡಿ ಯಾರೂ ಬಸ್ ತಪ್ಪಿಸ್ಕೊಳ್ಳಲ್ಲ. ಹಿಂದೆ ಬಿದ್ದಿದ್ದು ನೋಡಿ ತಪ್ಪಿಸ್ಕೊಳ್ತಾರೆ. ಇದನ್ನ ವರ್ಷಕ್ಕೊಂದ್ಸಲ ತಪಾಸಣೆಗೆ ಕಳಿಸ್ಬೇಕು ಅಂತ ಕಂಪನಿಯೋರು ಹೇಳಿರ್ಲಿಲ್ವಾ?"

"ಹೇಳಿದ್ರು."

"ಕಳಿಸಿದ್ರಾ?"

ಡಾಕ್ಟರು ಕಪಾಟಿನ ಕಡೆ ತಿರುಗಿದರು. ಓಡುತ್ತಿರುವ ಮಷಿನ್ನನ್ನು ಬೆಂಗಳೂರಿಗೆ ಯಾಕೆ ಕಳಿಸಬೇಕು ಎನಿಸಿತು, ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ, ಸ್ಟೋರಿನ ಕೆಲಸ ನಿಲ್ಲುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಕಾರ್ಡಿನ ಮೇಲೆ ಏನನ್ನೂ ಹಾಕಿಸಬಾರದು, ಅದಕ್ಕೂ ಒಂದು ಆಯಸ್ಸಿದೆ ಎಂದು ಧರಣಿಗೆ ಯಾರಾದರೂ ಹೇಳಿದ್ದರಾ ಎಂದು ನಾನು ಕೇಳಿದೆ. ಯಾರೂ ಹೇಳಿರಲಿಲ್ಲ. ಜೋಪಾನ ಮಾಡು ಎಂದಷ್ಟೇ ಹೇಳಿದ್ದರು, ಅವಳು ತನಗೆ ತಿಳಿದಂತೆ ಜೋಪಾನ ಮಾಡಿದ್ದಳು.

ವೃಷಭೇಂದ್ರಪ್ಪನವರು ಜುಬ್ಬದ ಜೇಬಿನಿಂದ ಒಂದು ಕಪ್ಪು ಲಕೋಟೆ ತೆಗೆದರು. ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದ್ದ ಹೊಸ ಕಾರ್ಡು. ಅಂಚು ಮಾತ್ರ ಹಿಡಿದು ಅದನ್ನು ಮೇಜಿನ ಮೇಲಿಟ್ಟು, ಮಷಿನ್ನಿನ ಗಾಜನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕಪ್ಪು ಚೌಕದ ಮೇಲೊಮ್ಮೆ ಬಿಳಿ ಚೌಕದ ಮೇಲೊಮ್ಮೆ ಇಟ್ಟು ಕಲಿಸಿದರು. ನಂತರ ಕಪಾಟಿನಿಂದ ಯಾವುದಾದರೊಂದು ಬಾಟಲಿ ಕೊಡಿ ಎಂದು ಶಿವಕುಮಾರ್ ಅವರಿಗೇ ಹೇಳಿದರು.

ಇನ್ಸ್‌ಪೆಕ್ಟರ್ ಕೊಟ್ಟ ಬಾಟಲಿಯ ಸ್ಟಿಕ್ಕರಿಗೆ ಡಿ ಬಂತು.

ಇನ್ನೊಂದಕ್ಕೆ ಎಫ್. ಮತ್ತೊಂದಕ್ಕೂ ಎಫ್. ಶಿವಕುಮಾರ್ ಕೆಳಗಿನ ಅರೆಯಿಂದ, ಮೇಲಿನ ಅರೆಯಿಂದ, ಡಬ್ಬದ ತಳದಿಂದ ಹುಡುಕಿ ಹುಡುಕಿ ಕೊಟ್ಟರು. ಒಂದೂ ಪಾಸಾಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಕಾರಣ ನನ್ನ ಕಣ್ಣಿಗೂ ಬಿತ್ತು. ಪ್ರಿಂಟರಿನ ಅಚ್ಚು ಸವೆದು ಪ್ರತಿ ಸ್ಟಿಕ್ಕರಿನ ಗೆರೆಗಳ ನಡುವೆಯೂ ತೆಳ್ಳಗೆ ಬಿಳಿ ಗೀರು ಬಿದ್ದಿತ್ತು, ಗೆರೆಗಳ ಕಪ್ಪು ಬೂದಿಬಣ್ಣಕ್ಕೆ ತಿರುಗಿತ್ತು.

ನಾನು ಬೆಚ್ಚಿಬಿದ್ದದ್ದು ಆಗಲೇ. ಈ ಕಪಾಟಿನ ಬಾಟಲಿಗಳೇ ಈ ಹೊತ್ತೂ ಮೇಲಿನ ವಾರ್ಡುಗಳಲ್ಲಿದ್ದವು. ಅಲ್ಲಿ ಯಾವ ಹಾಸಿಗೆಯ ಪಕ್ಕ ಯಾವ ಹಸಿರು ದೀಪ ಹತ್ತುತ್ತಿದೆಯೋ ದೇವರಿಗೇ ಗೊತ್ತು.

"ಮೊದ್ಲು ವಾರ್ಡಿಗೆ ಫೋನ್ ಮಾಡ್ರೀ," ವೃಷಭೇಂದ್ರಪ್ಪನವರು ಡಾಕ್ಟರಿಗೆ ಹೇಳಿದರು. "ಸ್ಟಿಕ್ಕರ್ ಕಿತ್ತು, ಬಾಟ್ಲಿ ಮೇಲಿನ ಹೆಸ್ರು ಓದಿ ಕೊಡೋಕ್ ಹೇಳಿ. ಆಮೇಲೆ ಮಿಕ್ಕಿದ್ದು."

ಡಾಕ್ಟರ್ ನಾಗಾರ್ಜುನ ಫೋನಿನ ಗುಂಡಿ ಒತ್ತುವಾಗ ಎರಡು ಸಲ ತಪ್ಪಿದರು. ಅವರ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿದದ್ದು ಅದನ್ನು ನೋಡಿ. ಅವರು ಫೋನಿಟ್ಟು ಬಂದು ಸ್ಟೂಲಿನ ಮೇಲೆ ಕುಸಿದು ಕೂತರು. ಯಾರ ಮುಖವನ್ನೂ ನೋಡಲಿಲ್ಲ.

ಶಿವಕುಮಾರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಸೋಲೊಪ್ಪುವ ಲಕ್ಷಣ. ವೆರಿಫೈಯರಿನ ಮಾತನ್ನು ನಂಬಿ ಕೊಲೆ ಎಂದೆವು, ಅದರ ಮಾತಿಗೇ ಬೆಲೆ ಇಲ್ಲವೆಂದಾದರೆ ನಾಳೆ ಅಚಾತುರ್ಯ ಎಂದು ಬರೆಯಲು ತಮ್ಮ ಅಭ್ಯಂತರವಿಲ್ಲ ಎಂದರು. ಅಪಘಾತದ ಬಾಟಲಿಯ ಸ್ಟಿಕ್ಕರನ್ನೂ ಒಮ್ಮೆ ಪರೀಕ್ಷಿಸಿ ಅದೂ ಫೇಲೆಂದು ಬರೆದುಕೊಂಡರೆ ಮುಗಿಯಿತು. ಕೊಲೆಯ ಬಾಟಲಿ ಎನ್ನುತ್ತಿದ್ದ ಮನುಷ್ಯನ ಬಾಯಲ್ಲಿ ಅಪಘಾತದ ಬಾಟಲಿ ಎಂಬ ಮಾತು ಬಂದಿತ್ತು. ನನಗೆ ಕುಣಿಯಬೇಕೆನಿಸಿತು.

ಧರಣಿ ಅಳುತ್ತಿದ್ದಳು. ಇಷ್ಟು ದಿನ ಲಾಕಪ್ಪಿನಲ್ಲಿ ಒಂದು ಹನಿ ಕಣ್ಣೀರು ಹಾಕದವಳು. ತಾನು ಕೊಲೆಗಾತಿಯಲ್ಲ ಎಂಬ ಸಮಾಧಾನವೋ, ತನ್ನ ಪ್ಲಾಸ್ಟಿಕ್ಕಿನಿಂದ ಒಬ್ಬರು ಹೋದರೆಂಬ ಸಂಕಟವೋ, ಎರಡೂ ಇದ್ದಿರಬೇಕು. ನಾನು ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟೆ. ನಾಳೆ ಮಧ್ಯಾಹ್ನದ ಊಟ ಮನೆಯಲ್ಲೇ ಮಾಡುತ್ತೀಯ ಕಣಮ್ಮ ಎಂದು ಕಿವಿಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು.

ಶಿವಕುಮಾರ್ ಅರಗಿನ ಮುದ್ರೆ ಒಡೆದು, ಬಟ್ಟೆಯ ಪೊಟ್ಟಣ ಬಿಚ್ಚಿ, ಶಿವಲಿಂಗಯ್ಯನವರನ್ನು ಕೊಂದ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಹೆಬ್ಬೆರಳಿನಷ್ಟು ಬಾಟಲಿ. ವೃಷಭೇಂದ್ರಪ್ಪನವರು ಅದರ ಮೇಲೆ ವೆರಿಫೈಯರ್ ಹಿಡಿದರು.

ಮಷಿನ್ ಕೀ ಎಂದಿತು. ಅವರು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಎಫ್ಫಾ?" ನಾನು ಕೇಳಿದೆ.

ಅವರು ಹೊಸ ಕಾರ್ಡು ತೆಗೆದು, ಗಾಜು ಒರೆಸಿ, ಮಷಿನ್ನಿಗೆ ಮೊದಲಿನಿಂದ ಕಪ್ಪು ಬಿಳಿ ಕಲಿಸಿದರು. ಕಪಾಟಿನ ಬಾಟಲಿಯೊಂದನ್ನು ನೋಡಿದರು, ಎಫ್ ಬಂತು. ಮತ್ತೆ ಈ ಬಾಟಲಿಯ ಮೇಲೆ ಹಿಡಿದರು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಎ.

 ಪರದೆಯಲ್ಲಿ ಗ್ರೇಡಿನ ಕೆಳಗೆ ಗೆರೆಗಳು ಹೇಳುವ ಅಂಕಿಯೂ ಇತ್ತು, ಅದು ಉಪ್ಪುನೀರಿನದ್ದು. ಸ್ಕ್ಯಾನರ್ ತಪ್ಪು ಓದಿರಲಿಲ್ಲ. ಗೆರೆಗಳು ಸ್ವಚ್ಛವಾಗಿ, ಕಡುಕಪ್ಪಾಗಿ ಉಪ್ಪುನೀರು ಎಂದೇ ಹೇಳುತ್ತಿದ್ದವು. ಕೆಳಗಿನ ಅಂಕಿ ಪೊಟ್ಯಾಸಿಯಂ ಎನ್ನುತ್ತಿತ್ತು. ಬೇರೆ ಯಾರಾದರೂ ಕಣ್ಣಾಡಿಸಿದರೆ ಅನುಮಾನ ಬಾರದಿರಲಿ, ಮಷಿನ್ ಮಾತ್ರ ಮೋಸ ಹೋಗಲಿ ಎಂದು ಯಾರೋ ಕೂತು ಮಾಡಿದ ಸ್ಟಿಕ್ಕರ್ ಇದು.

ಅಪಘಾತವಲ್ಲ. ಕೊಲೆಯೇ. ನಮ್ಮ ಕೈಯಿಂದಲೇ ಅದನ್ನು ಸಾಬೀತು ಮಾಡಿಕೊಟ್ಟಿದ್ದೆವು. 

ಶಿವಕುಮಾರ್ ನಿಧಾನವಾಗಿ ಟೋಪಿ ಹಾಕಿಕೊಂಡರು. ಮೇಡಂ, ಈಗ ನಾನೇನು ಬರೀಲಿ ಎಂದು ನನ್ನನ್ನು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ, ಅವರಿಗೂ ಆಘಾತವಾಗಿತ್ತು.

"ಸ್ವಲ್ಪ ತಡೀರಿ," ಎಂದರು ವೃಷಭೇಂದ್ರಪ್ಪನವರು. ಭೂತಗನ್ನಡಿ ಅವರ ಕಣ್ಣಿಗೆ ಅಂಟಿಕೊಂಡಂತಿತ್ತು. ಈ ಸ್ಟಿಕ್ಕರಿನಲ್ಲಿ ಬಿಳಿ ಗೀರಿಲ್ಲ, ಹಾಗಾಗಿ ಇಲ್ಲಿನ ಪ್ರಿಂಟರಿನಿಂದ ಬಂದದ್ದಲ್ಲ ಎಂದರು. ಇಲ್ಲಿನ ಕಂಪ್ಯೂಟರಿನಲ್ಲಿ ಒಂದು ಅಂಕಿ ಕೊಟ್ಟರೆ ಗೆರೆಯೂ ಅದರ ಕೆಳಗಿನ ಅಂಕಿಯೂ ಒಟ್ಟಿಗೇ ಬರುತ್ತವೆ, ಬೇರೆ ಬೇರೆ ಮಾಡಲು ಬರುವುದಿಲ್ಲ ಎಂದು ಡಾಕ್ಟರೂ ಸ್ಟೂಲಿನಿಂದ ಎದ್ದು ಹೇಳಿದರು.

ವೃಷಭೇಂದ್ರಪ್ಪನವರು ಚಿಮಟದ ತುದಿಯಿಂದ ಸ್ಟಿಕ್ಕರಿನ ಒಂದು ಮೂಲೆಯನ್ನು ಕೂದಲೆಳೆಯಷ್ಟು ಎತ್ತಿ ಶಿವಕುಮಾರರನ್ನು ಕರೆದು ತೋರಿಸಿದರು. ನಾನೂ ಬಗ್ಗಿ ನೋಡಿದೆ. ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್ ಇತ್ತು. ಮಾಸಿದ ಬೂದಿ ಗೆರೆ, ನಡುವೆ ಬಿಳಿ ಗೀರು.

"ಕೆಳಗಿರೋದು ಈ ಹುಡುಗೀದು. ಸರಿಯಾದ ಸ್ಟಿಕ್ಕರನ್ನೇ ಹಾಕಿದ್ದಾಳೆ. ಇವಳ ಕೈ ಬಿಟ್ಟು ಹೋದ ಮೇಲೆ ಯಾರೋ ಅದರ ಮೇಲೆ ಇದನ್ನ ಅಂಟಿಸಿದ್ದಾರೆ."

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಒಂದು ಗಳಿಗೆಯಲ್ಲಿ ಮುಳುಗಿಸಿ ಇನ್ನೊಂದು ಗಳಿಗೆಯಲ್ಲಿ ಎತ್ತುವ ಈ ಮನುಷ್ಯನ ಜೊತೆ ಕೆಲಸ ಮಾಡಿದರೆ ನನಗೆ ಐವತ್ತಕ್ಕೇ ಹೃದಯದ ಕಾಯಿಲೆ ಬರುತ್ತದೆ. ಶಿವಕುಮಾರ್ ಬಹಳ ಹೊತ್ತು ನೋಡಿ, ಹೌದು, ಎರಡಿವೆ ಎಂದು ಒಪ್ಪಿದರು. ಹಾಗಾದರೆ ಇನ್ನುಳಿದದ್ದು ಒಂದೇ ಪ್ರಶ್ನೆ, ಮೇಲಿನದನ್ನು ಅಂಟಿಸಿದವರು ಯಾರು. ಅದಕ್ಕೆ ಉತ್ತರ ಹೇಳಬಲ್ಲವಳು ನಮ್ಮೆದುರಿಗೇ ಇದ್ದಳು, ಉತ್ತರ ಹೇಳಿದರೆ ಅವಳು ಇಂದೇ ಬಿಡುಗಡೆಯಾಗುವಂತಿತ್ತು.

ವೃಷಭೇಂದ್ರಪ್ಪನವರು ಧರಣಿಯನ್ನು ಹತ್ತಿರ ಕರೆದು ಭೂತಗನ್ನಡಿ ಕೊಟ್ಟರು. ಹೆದರಬೇಡ, ನೋಡು ಎಂದರು. ಅವಳು ಕಣ್ಣೊರೆಸಿಕೊಂಡು ಬಗ್ಗಿ ಆ ಸ್ಟಿಕ್ಕರನ್ನು ನೋಡತೊಡಗಿದಳು. ಗೆರೆಗಳನ್ನು ನೋಡಿದಳು. ಕಾಗದದ ಅಂಚನ್ನು, ಅದನ್ನು ಕತ್ತರಿಸಿದ ರೀತಿಯನ್ನು ನೋಡಿದಳು. ನೋಡುತ್ತಾ ನೋಡುತ್ತಾ, ಯಾರದೋ ಕೈಕೆಲಸದ ಗುರುತು ಸಿಕ್ಕವಳಂತೆ, ಅವಳ ಅಳು ನಿಂತಿತು.

"ಅವತ್ತು ಈ ಬಾಟ್ಲಿ ನಿನ್ನ ಕೈಯಿಂದ ಯಾರ ಕೈಗೆ ಹೋಯ್ತು ಮಗಳೇ?"

ಅವಳು ಭೂತಗನ್ನಡಿಯನ್ನು ಮೇಜಿನ ಮೇಲೆ ಜೋಪಾನವಾಗಿ ಮಗುಚಿಟ್ಟಳು.

"ಯಾರ ಕೈಗೂ ಹೋಗ್ಲಿಲ್ಲ ಸಾರ್. ಎರಡೂ ನಾನೇ ಅಂಟ್ಸಿದ್ದು. ಬೇಕು ಅಂತ್ಲೇ ಮಾಡ್ದೆ. ಬರ್ಕೊಳ್ಳಿ."

 ವೃಷಭೇಂದ್ರಪ್ಪನವರ ಕೈಯಲ್ಲಿದ್ದ ಚಿಮಟ ಮೇಜಿನ ಮೇಲೆ ಬಿತ್ತು. ಅವಳು ಹೇಳಿದ್ದು ಸುಳ್ಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಸ್ಟಿಕ್ಕರ್ ಅಚ್ಚು ಹಾಕಿದ ಪ್ರಿಂಟರ್ ಎಲ್ಲಿದೆ ಎಂದು ಶಿವಕುಮಾರ್ ಕೇಳಿದರು.  ಯಾರ ಹತ್ತಿರ ಮಾಡಿಸಿದೆ ಎಂದು ಕೇಳಿದರು. ಎರಡಕ್ಕೂ ಅವಳು ಬರ್ಕೊಳ್ಳಿ ಎಂದಷ್ಟೇ ಹೇಳಿದಳು. ಇಷ್ಟು ದಿನ ತಾನು ನಿರಪರಾಧಿ ಎಂದು ಬೇಡಿಕೊಂಡವಳು, ಬಿಡುಗಡೆಯ ಬಾಗಿಲು ತೆರೆದ ಹೊತ್ತಿಗೆ ಅದನ್ನು ತಾನೇ ಮುಚ್ಚಿ ಚಿಲಕ ಹಾಕುತ್ತಿದ್ದಳು.

ನಾನು ಅವಳ ಭುಜ ಹಿಡಿದು ಅಲುಗಿಸಿದೆ. ಹುಚ್ಚಿ, ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಇದನ್ನು ಕೇಳಿಯೇ ಇಲ್ಲ ಎಂದುಕೊಳ್ಳುತ್ತೇವೆ, ಯಾರನ್ನು ಉಳಿಸಲು ಹೊರಟಿದ್ದೀಯ ಎಂದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ಭುಜದಿಂದ ತೆಗೆದಳು.

"ನಾಳೆ ಜಡ್ಜ್ ಮುಂದೇನೂ ಇದನ್ನೇ ಹೇಳ್ತೀನಿ ಮೇಡಂ. ನೀವು ಬರ್ಬೇಡಿ."